ಬುರೈದಾಕ್ಕೆ ಬಂದ ಮಾಜಿ ಅಧ್ಯಕ್ಷರು

ಅವರ ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತು ಶುರುಮಾಡಿದರೆ ತಮ್ಮ ಆರಡಿಯ ದೇಹವನ್ನು ಬಗ್ಗಿಸಿ, ಎಡಗಿವಿಯನ್ನು ಅವರ ಬಾಯಿಯ ಹತ್ತಿರಕ್ಕೇ ತಂದುಬಿಡುತ್ತಿದ್ದರು. ಸೌದಿಯ ಬುರೈದಾ ಪೇಟೆಯಿಂದ ದೂರ, ಮರುಭೂಮಿಯಲ್ಲಿ ನೀರಿನ ಕೊಳವೆ ಹಾಕುವ ನಮ್ಮ ಕಂಪನಿಯಲ್ಲಿ ಅವರು ಸಲಹೆಗಾರರು, ನಾನು ಅವರ ಕಚೇರಿ ಸಹಾಯಕ.

ಸ್ಪೇನಿನಲ್ಲಿ ಒಂದೊಂದು ಪ್ರಾಂತಕ್ಕೂ ಅದರದೇ ಸರಕಾರವಿದೆ. ಅಂಥ ಒಂದು ಪ್ರಾಂತದ ಅಧ್ಯಕ್ಷರಾಗಿದ್ದವರು ಇವರು. ನಮ್ಮ ಲೆಕ್ಕದಲ್ಲಿ ಮಾಜಿ ಮುಖ್ಯಮಂತ್ರಿ. ಇದು ಗೊತ್ತಾದ ದಿನ ಬಂಟ್ವಾಳದ ನಮ್ಮ ಫೋರ್‌ಮನ್, ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ಅವರನ್ನು ತೋರಿಸಿ, “ಎಂತ ಮಾರಾಯ, ಹಿಂದೆ ನಾಲ್ಕು ಕಾರಿಲ್ಲ, ಒಬ್ಬ ಗನ್‌ಮ್ಯಾನ್ ಇಲ್ಲ. ಹೀಗಾದ್ರೆ ಗೆಲ್ಲುದು ಹೇಗೆ?” ಎಂದಿದ್ದ.

ಅವರ ರಾಜಕೀಯದ ಕಥೆಯನ್ನು ನಾನು ಕೇಳಿದ್ದು ಸೈಟಿಗೆ ಹೋಗುವ ಜೀಪಿನಲ್ಲಿ, ತುಂಡುತುಂಡಾಗಿ. ನೀರಾವರಿ ಎಂಜಿನಿಯರ್, ಊರಿನ ಮೇಯರ್, ಶಾಸಕ, ಕೊನೆಗೆ ಅಧ್ಯಕ್ಷ. ಖರ್ಚು ಇಳಿಸಿ ಎಂದು ಮೇಲಿನಿಂದ ಒತ್ತಡ ಬಂದಾಗ ಸಣ್ಣ ಊರುಗಳ ಆಸ್ಪತ್ರೆಗಳನ್ನು ಮುಚ್ಚಿಸಿದರು; ತಮ್ಮೂರಿನದನ್ನೂ ಬಿಡಲಿಲ್ಲ. ಆ ಚಳಿಗಾಲ ಅವರಿಗೆ ಅಕ್ಷರ ಕಲಿಸಿದ ಶಿಕ್ಷಕಿ, ದೂರದ ಪೇಟೆಯ ಆಸ್ಪತ್ರೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ತೀರಿಕೊಂಡರು. ಅಧ್ಯಕ್ಷರು ಆಕೆಯ ಮಣ್ಣಿಗೆ ಹೋದರು.

“ಬೈದಿದ್ದರೆ ಉತ್ತರ ಕೊಡಬಹುದಿತ್ತು,” ಎಂದರು ನನ್ನೊಡನೆ. “ಯಾರೂ ಬೈಯಲಿಲ್ಲ. ನಾನು ಹೋಗಲೆಂದು ಸರಿದು ಜಾಗ ಬಿಟ್ಟರು, ಅಷ್ಟೆ.”

ಮುಂದಿನ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು.

ಅವರು ಇಲ್ಲಿಗೆ ಬಂದ ಎರಡನೆಯ ಬೇಸಿಗೆಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಕೂಲಿಕಾರರ ಕ್ಯಾಂಪಿನ ಕ್ಲಿನಿಕ್ ಮುಚ್ಚಲು ಹೊರಟರು. ಕಾಯಿಲೆಯಾದವರನ್ನು ವ್ಯಾನಿನಲ್ಲಿ ಬುರೈದಾಕ್ಕೆ ಒಯ್ದರಾಯಿತು ಎಂಬುದು ಅವರ ವಾದ. ಅದಕ್ಕೆ ಸಲಹೆಗಾರರ ಒಪ್ಪಿಗೆ ಬೇಕಿತ್ತು. ಅಧ್ಯಕ್ಷರು ಸಭೆಗೆ ಫೋರ್‌ಮನ್‌ನನ್ನು ಕರೆಸಿ, ಬಿಸಿಲು ಬಡಿದು ಬಿದ್ದವನನ್ನು ಪೇಟೆಗೆ ಮುಟ್ಟಿಸಬಹುದೇ ಎಂದು ನನ್ನಿಂದ ಕೇಳಿಸಿದರು.

“ಯಲ್ಲಾ ಯಲ್ಲಾ ಅಂತ ಎಷ್ಟು ಓಡಿಸಿದ್ರೂ ದಾರಿ ಉದ್ದ ಉಂಟು. ಅಷ್ಟರೊಳಗೆ ಅವ ಇರ್ಲಿಕ್ಕಿಲ್ಲ, ಹೇಳಿ ಅವರಿಗೆ,” ಎಂದ ಫೋರ್‌ಮನ್. ಹೇಳಿದೆ.

ಮ್ಯಾನೇಜರ್ ನಕ್ಕರು. “ಇಲ್ಲಿ ನಿಮಗೆ ವೋಟು ಹಾಕುವವರು ಯಾರೂ ಇಲ್ಲ, ಸರ್.”

“ಗೊತ್ತು,” ಎಂದರು ಅಧ್ಯಕ್ಷರು. “ವೋಟು ಹಾಕಿದವರ ಆಸ್ಪತ್ರೆಯನ್ನೇ ಮುಚ್ಚಿಸಿದವನು ನಾನು. ಇನ್ನೊಂದನ್ನು ಮುಚ್ಚಿಸಲಾರೆ.”

ಮರುದಿನ ರಿಯಾದಿಗೆ ಹೋಗಿ, ನಮಗೆ ಕೆಲಸ ವಹಿಸಿದ್ದ ಇಲಾಖೆಯವರ ಎದುರು ಕುಳಿತು ಇಷ್ಟನ್ನೂ ಹೇಳಿದರು. ಕ್ಲಿನಿಕ್ ಉಳಿಯಿತು. ಅವರ ಗುತ್ತಿಗೆಯನ್ನು ಕಂಪನಿ ಮುಂದುವರಿಸಲಿಲ್ಲ. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ಫೋರ್‌ಮನ್ ಕೊಟ್ಟಿದ್ದ ಸುಕ್ಕರಿ ಖರ್ಜೂರದ ಡಬ್ಬಿಯನ್ನು ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

ಕಳೆದ ವರ್ಷ ಅವರು ತೀರಿಕೊಂಡರು. ಅವರ ಪ್ರಾಂತದ ಪತ್ರಿಕೆಯ ಸುದ್ದಿಯನ್ನು ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು ಓದಿದೆ. ಕಟ್ಟಿಸಿದ ರಸ್ತೆ, ಮುಚ್ಚಿಸಿದ ಆಸ್ಪತ್ರೆ, ಸೋಲು ಎಲ್ಲವೂ ಇತ್ತು. ಆಮೇಲಿನದಕ್ಕೆ ಒಂದೇ ಸಾಲು: ಕೆಲಕಾಲ ವಿದೇಶದಲ್ಲಿ ಖಾಸಗಿ ಉದ್ಯೋಗ.

ಅವರ ಮಗಳಿಗೆ ಫೋನ್ ಮಾಡಿ ಸಂತಾಪ ಹೇಳಿದೆ; ಕ್ಲಿನಿಕ್ಕಿನ ವಿಷಯವನ್ನೂ ಹೇಳಿದೆ. ಮನೆಯಲ್ಲಿ ಅವರು ಅದರ ಮಾತೇ ಎತ್ತಿರಲಿಲ್ಲವಂತೆ. ಆಕೆ, “ಅಲ್ಲಿ ಈಗಲೂ ಡಾಕ್ಟರ್ ಇದ್ದಾರಾ?” ಎಂದು ಕೇಳಿದಳು.

“ಇದ್ದಾರೆ,” ಎಂದೆ. “ಬೆಳಗ್ಗೆ ನಾನು ಕೆಲಸಕ್ಕೆ ಬರುವಾಗ ಹೊರಗೆ ಜನ ಕೂತಿದ್ದರು.”