ಕಡಲಾಮೆಯ ಉಸಿರು, ಗಿಳಿಯ ಉಸಿರು

ಎಂಬತ್ತರ ದಶಕದ ಆರಂಭ. ನಾನಾಗ ಲಕ್ಷ್ಮೇಶ್ವರದಲ್ಲಿ ಪಶುವೈದ್ಯಾಧಿಕಾರಿ. ಎತ್ತು, ಎಮ್ಮೆ, ಕುರಿಗಳ ಉಪಚಾರದಲ್ಲೇ ದಿನ ಕಳೆಯುತ್ತಿದ್ದವು. ಈ ಎರೆಭೂಮಿಯಲ್ಲಿ ಕಡಲಾಮೆಗೆ ಚಿಕಿತ್ಸೆ ಮಾಡಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಚಳಿಗಾಲದ ಒಂದು ಮುಂಜಾನೆ ಹುಸೇನಸಾಬ ಆಸ್ಪತ್ರೆಗೆ ಓಡಿ ಬಂದ. ಊರೂರು ತಿರುಗಿ, ಡೇರೆ ಹಾಕಿ, ಪ್ರಾಣಿಗಳನ್ನು ತೋರಿಸಿ ಬದುಕುವವನು. ಆ ವಾರ ಶಿರಹಟ್ಟಿ ರಸ್ತೆಯ ಬಯಲಿನಲ್ಲಿ ಇಳಿದಿದ್ದ.

“ಸಾಹೇಬ್ರ, ಜಲ್ದಿ ಬರ್ರಿ! ಆಮಿ ಸತ್ತೈತಿ. ಗಿಳಿಗೂ ದಮ್ಮ ಹತ್ತೈತಿ!”

ಡೇರೆಯೊಳಗೆ ಕಾಲಿಟ್ಟೊಡನೆ ಹೊಗೆಗೆ ಕಣ್ಣು ಉರಿದವು. ಗಿಳಿ ಬೆಚ್ಚಗಿರಲೆಂದು ಇದ್ದಿಲಿನ ಶೇಗಡಿ ಹಚ್ಚಿಟ್ಟು, ಡೇರೆಯ ಬಾಯಿ ಬಿಗಿದು, ಗಂಡ ಹೆಂಡತಿ ಹೊರಗೆ ಗಾಡಿಯಲ್ಲಿ ಮಲಗಿದ್ದರು. ನಾಯಿಗಳ ಕಾಟಕ್ಕೆ ಹೆದರಿ ಆಮೆಯ ತೊಟ್ಟಿಯ ಮೇಲೆ ಹಲಗೆ ಹಾಕಿ ಕಲ್ಲು ಹೇರಿದ್ದರು. ತೊಟ್ಟಿಯಲ್ಲಿ ನೀರು ಅಂಚಿನ ತನಕ ಇತ್ತು. ಕಡಲಾಮೆ ನೀರಿನ ಜೀವಿಯಾದರೂ ಅದಕ್ಕೆ ಕಿವಿರುಗಳಿಲ್ಲ, ಶ್ವಾಸಕೋಶದಿಂದಲೇ ಉಸಿರಾಡುತ್ತದೆ. ಆ ರಾತ್ರಿ ಅದಕ್ಕೆ ಮೂಗು ಮೇಲೆತ್ತಲು ಜಾಗವೇ ಇರಲಿಲ್ಲ.

ಭುಜದ ಮೇಲೆ ಕೆಂಪು ಮಚ್ಚೆಯಿದ್ದ ದೊಡ್ಡ ಜಾತಿಯ ಗಿಳಿ ಅದು. ಹೆಸರು ಹೀರಾ. ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಅದನ್ನು ಶುದ್ಧ ಗಾಳಿಗೆ ತಂದು, ಬಟ್ಟೆ ಹಾಸಿದ ಬುಟ್ಟಿಯಲ್ಲಿಟ್ಟು, ಎಳೆಬಿಸಿಲು ತಾಗುವಂತೆ ಮಾಡಿದೆ. ಆಕ್ಸಿಜನ್ ನಮ್ಮಲ್ಲಿ ಇರಲಿಲ್ಲ. ತೊಟ್ಟಿಯಿಂದ ಹೊರಗೆತ್ತಿದ ಆಮೆಯ ಕುತ್ತಿಗೆ ಜೋತುಬಿದ್ದಿತ್ತು. ಸ್ಟೆತೊಸ್ಕೋಪಿಗೆ ಏನೂ ಕೇಳಿಸಲಿಲ್ಲ.

ಬಲೆಯಲ್ಲಿ ಸಿಕ್ಕು ಮುಳುಗಿದ ಆಮೆ ಸತ್ತಂತೆಯೇ ಕಂಡರೂ ಕೆಲವೊಮ್ಮೆ ಗಂಟೆಗಟ್ಟಲೆ ಆದ ಮೇಲೆ ಚೇತರಿಸಿಕೊಳ್ಳುತ್ತದೆ ಎಂದು ಕರಾವಳಿಯವರಾದ ನಮ್ಮ ಪ್ರಾಧ್ಯಾಪಕರೊಬ್ಬರು ಹೇಳಿದ್ದು ನೆನಪಾಯಿತು. ಅದನ್ನು ಹೊಟ್ಟೆಯ ಮೇಲೆ ಮಲಗಿಸಿ, ಶ್ವಾಸಕೋಶದ ನೀರು ಇಳಿಯಲೆಂದು ಹಿಂಭಾಗಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಮೂಗಿನಿಂದ ನೀರು ತೊಟ್ಟಿಕ್ಕತೊಡಗಿತು. ಅಷ್ಟೇ. ಅಲುಗಾಟವಿಲ್ಲ.

ಜನ ಸೇರಿದರು. ಒಬ್ಬಾತ ಸಲಿಕೆ ತಂದು ಕುಣಿ ತೋಡಲು ನಿಂತೇಬಿಟ್ಟ.

“ಹೆಣಕ್ಕೇನ್ ಔಷಧರೀ ಡಾಕ್ಟ್ರ? ನಾರೋದಕ್ಕಿಂತ ಮೊದಲ ಹುಗದುಬಿಡೋಣು.”

“ಇವತ್ತು ಇದನ್ನು ಯಾರೂ ಮುಟ್ಟಬೇಡಿ,” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಲಿಲ್ಲ.

ಹುಸೇನಸಾಬನ ಹೆಂಡತಿ ಖತೀಜಾಬಿಗೆ ತಡೆಯಲಾಗಲಿಲ್ಲ. “ಮುಂಜಾನಿಂದ ಸತ್ತದ್ದರ ಮುಂದನ ಕುಂತೀರಲ್ರೀ! ನನ್ನ ಹೀರಾಗ ಇನ್ನೂ ಜೀವ ಐತಿ, ಅದನ್ನ ನೋಡ್ರಿ!”

ನೋಡುತ್ತಲೇ ಇದ್ದೆ. ಆ ಬುಟ್ಟಿಗೂ ಈ ಇಟ್ಟಿಗೆಗೂ ನಡುವೆ ತಿರುಗಿ ತಿರುಗಿ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಗಿಳಿ ಕತ್ತೆತ್ತಿ, ಒಡತಿಯ ಬೆರಳು ಹಿಡಿದು, ಒಮ್ಮೆ ಕೂಗಿತು. “ಉಳೀತು!” ಎಂದು ಹುಸೇನಸಾಬ ಕುಣಿದಾಡಿದ. ನನಗೆ ಧೈರ್ಯ ಬರಲಿಲ್ಲ. ಹೊಗೆ ಕುಡಿದ ಹಕ್ಕಿಯ ಶ್ವಾಸಕೋಶ ತಡವಾಗಿಯೂ ಕೈಕೊಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಹೀರಾ ಆಕೆಯ ಮಡಿಲಲ್ಲಿ ಒರಗಿತು. ಮತ್ತೆ ಏಳಲಿಲ್ಲ.

ಸಲಿಕೆಯವನೂ ತಲೆ ತಗ್ಗಿಸಿದ.

ಬಿಸಿಲು ಇಳಿಯುವಾಗ ಆಮೆಯ ಕಣ್ಣಿನ ಮೂಲೆಯನ್ನು ಮೆಲ್ಲಗೆ ಮುಟ್ಟಿದೆ. ರೆಪ್ಪೆ ಅದುರಿತು. ಆಮೇಲೆ ಕುತ್ತಿಗೆ ನಿಧಾನವಾಗಿ ಮೇಲೆದ್ದಿತು. ಬಾಯಿ ತೆರೆದು, ತಿದಿಯೊತ್ತಿದಂಥ ಸದ್ದಿನೊಡನೆ ಒಂದು ದೀರ್ಘ ಉಸಿರೆಳೆಯಿತು. ಜನ ಹಿಂದೆ ಸರಿದರು.

ಕಡಲಾಮೆ ಸಾಕುವುದು ಕಾನೂನಿಗೆ ವಿರುದ್ಧವೆಂದೂ, ಅರಣ್ಯ ಇಲಾಖೆಗೆ ತಿಳಿಸಲೇಬೇಕೆಂದೂ ಹುಸೇನಸಾಬನಿಗೆ ಹೇಳಿದೆ. ಅವನು ಹೆಂಡತಿಯ ಮುಖ ನೋಡಿದ.

ಖತೀಜಾಬಿ ಗಿಳಿಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಹೇಳಿದಳು: “ಕಳಸ್ರಿ ಸಾಹೇಬ್ರ. ಇದರ ನೀರಿಗೆ ಇದು ಮುಟ್ಟಲಿ.”

ಮರುದಿನ ಇಲಾಖೆಯವರು ಅದನ್ನು ಜೀಪಿನಲ್ಲಿ ಕಾರವಾರದ ಕಡೆಗೆ ಒಯ್ದರು. ಕಡಲಿಗೆ ಬಿಟ್ಟ ಸುದ್ದಿಯೂ ಬಂತು.

ಎರಡಕ್ಕೂ ಒಂದೇ ರಾತ್ರಿ ಉಸಿರು ಕಟ್ಟಿತ್ತು. ಒದ್ದಾಡಿದ್ದು ಹೋಯಿತು, ಹೆಣದಂತೆ ಬಿದ್ದದ್ದು ಉಳಿಯಿತು. ಒಂದು ಜೀವದ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ. ನಿವೃತ್ತನಾಗುವವರೆಗೂ ‘ಸತ್ತಿತು’ ಎನ್ನಲಿಕ್ಕೂ, ‘ಉಳಿಯಿತು’ ಎನ್ನಲಿಕ್ಕೂ ನಾನು ಅವಸರಪಡಲಿಲ್ಲ.