ಒಲೆಯಿಲ್ಲದ ಮಾಳಿಗೆ

ಕಾಲೇಜು ಆಗ ಮಸ್ಕಿಯ ಹಳೆಯ ಹತ್ತಿ ಗೋದಾಮಿನಲ್ಲಿ ನಡೆಯುತ್ತಿತ್ತು. ಮೇಲೆ ತಗಡು. ಬೇಸಿಗೆ ಬಂದರೆ ಪಾಠಗಳು ಬಿಸಿಲೇರುವ ಮುಂಚೆಯೇ ಮುಗಿಯಬೇಕು. ಲಿಂಗಸುಗೂರು ರಸ್ತೆಯ ಪಕ್ಕದಲ್ಲಿ ಕಲ್ಲುನೆಲ ಸಿಕ್ಕಿತು. ಅಲ್ಲಿ ಇಡೀ ಕಾಲೇಜು ಕಟ್ಟಲು ನಕಾಶೆ ಬರೆದುಕೊಡು ಎಂದು ಆಡಳಿತ ಮಂಡಳಿಯವರು ನನ್ನನ್ನು ಕರೆದರು. ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಸಿಂಧನೂರಿನ ಒಂದು ಕಚೇರಿಯಲ್ಲಿ ಮನೆಗಳ, ಅಕ್ಕಿ ಗಿರಣಿಗಳ ನಕಾಶೆ ಬರೆಯುತ್ತಿದ್ದ ಹುಡುಗಿ. ತೊಂಬತ್ತರ ದಶಕದ ಮೊದಲ ವರ್ಷಗಳು. ಸರಿಯಾಗಿ ಯಾವ ವರ್ಷ ಎಂದರೆ ಹೇಳಲಾರೆ. ಆ ಮೊದಲ ಸಭೆಯನ್ನು ನೆನೆದಾಗ ಎಲ್ಲರೂ ಬೆವರು ಒರೆಸಿಕೊಳ್ಳುವುದು ಕಾಣುತ್ತದೆ, ಅಧ್ಯಕ್ಷರು ಶಾಲು ಹೊದ್ದು ಕೂತದ್ದೂ ಕಾಣುತ್ತದೆ. ಎರಡರಲ್ಲಿ ಒಂದು ಸುಳ್ಳು.

ನನಗೆ ಬೇಕಾಗಿದ್ದದ್ದು ಮಾತ್ರ ಸುಳ್ಳಲ್ಲ. ಕಡಿಮೆ ಉರುವಲು ತಿನ್ನುವ ಕಾಲೇಜು. ಅದಕ್ಕಾಗಿ ಎಲ್ಲೋ ಕಲ್ಲಿದ್ದಲು ಸುಟ್ಟು ಸಿಮೆಂಟು ಬೇಯಿಸಬಾರದು, ಕಬ್ಬಿಣ ಹೊತ್ತ ಲಾರಿಗಳು ಅಷ್ಟು ದೂರದಿಂದ ಡೀಸೆಲ್ ಕುಡಿಯುತ್ತ ಬರಬಾರದು. ಇಂಗಾಲದ ಲೆಕ್ಕ ಎನ್ನುವ ಮಾತು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ, ನನಗೂ. ನಾನು ಲಾರಿ ಎಣಿಸುತ್ತಿದ್ದೆ. ಗುಡ್ಡದ ಕಲ್ಲಿನ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಅಡ್ಡಮರದ ಜಂತಿ, ಸೊಪ್ಪು, ಮಣ್ಣು. ಪಾಮನಕಲ್ಲೂರಿನಲ್ಲಿ ನಾನು ಹುಟ್ಟಿದ ಮನೆಯ ಮಣ್ಣಿನ ಚಾವಣಿ, ನಮ್ಮ ಕಡೆ ಮಾಳಿಗೆ ಎನ್ನುವುದು, ಹಾಗೇ ಇತ್ತು. ಒಂದು ಲಾರಿಯೂ ಬೇಡ.

ಅಧ್ಯಕ್ಷರು ನಕಾಶೆಯನ್ನು ದೂರ ಹಿಡಿದು ನೋಡಿದರು.

"ಮಂದಿ ಮಾಳಿಗಿ ಕೆಡವಿ ಸ್ಲ್ಯಾಬ್ ಹಾಕ್ಸಾಕತ್ತಾರ. ನೀ ನೋಡಿದ್ರ ಕಾಲೇಜಿಗೆ ಮಾಳಿಗಿ ಅಂತಿ. ಏನವಾ ತಂಗಿ, ಆರಾಮ ಅದಿಯಿಲ್ಲೋ?"

ಪಕ್ಕದಲ್ಲಿದ್ದ ಸದಸ್ಯರೊಬ್ಬರು, "ಹಿಂದ ಎರಡು ಎಮ್ಮಿ ಕಟ್ಟಾಕೂ ಜಾಗ ಬಿಡ್ರೀ ಮತ್ತ, ಪ್ರಿನ್ಸಿಪಾಲರು ಹಾಲು ಕರೀತಾರ" ಎಂದರು. ಎಲ್ಲರೂ ನಕ್ಕರು. ನಾನು ಕೂತುಕೊಳ್ಳಲಿಲ್ಲ. ನಿಂತೇ ಇದ್ದೆ. ಬಹುಶಃ ಅದನ್ನು ನೋಡಿಯೇ ಅಧ್ಯಕ್ಷರು ಮೆತ್ತಗಾದರು.

"ಒಂದ ಖೋಲಿ ಕಟ್ಟು. ಎರಡು ಮಳಿಗಾಲ ತಡೀತಂದ್ರ ಉಳಿದದ್ದೆಲ್ಲಾ ಹಂಗ ಕಟ್ಟೂಣು. ತಡೀಲಿಲ್ಲಂದ್ರ ಸ್ಲ್ಯಾಬ್. ಆಮ್ಯಾಲೆ ಮಾತಿಲ್ಲ."

ಪಾಠಕ್ಕೆ ಒಂದು ಕೋಣೆ ಕಟ್ಟಿದೆವು. ಮಾಳಿಗೆಯ ಮೇಲಿನ ಪದರಕ್ಕೆ ಉಪ್ಪು ಹತ್ತಿದ ಸವಳು ಮಣ್ಣು ಬೇಕು. ಅದರಲ್ಲಿ ನೀರು ಇಳಿಯುವುದಿಲ್ಲ, ಹುಲ್ಲು ಹುಟ್ಟುವುದಿಲ್ಲ. ಜವಳಗೇರಾದ ಕಡೆ ಕಾಲುವೆಯ ನೀರು ನಿಂತೂ ನಿಂತೂ ಕೆಟ್ಟ ಗದ್ದೆಗಳಿದ್ದವು. ಟ್ರ್ಯಾಕ್ಟರ್ ತೆಗೆದುಕೊಂಡು ಹೋದಾಗ ಹೊಲದ ಯಜಮಾನ, "ಭತ್ತಂತೂ ಏಳವಲ್ದು. ಒಯ್ರೀ, ನಿಮ್ಮ ಹುಡುಗ್ರರ ಬೆಳೀಲಿ" ಎಂದು ತಾನೇ ಸಲಿಕೆ ಹಿಡಿದ.

ಆ ಬೇಸಿಗೆಯಲ್ಲಿ ಗೋದಾಮಿನ ಹುಡುಗರು ಒಬ್ಬೊಬ್ಬರಾಗಿ ಹೊಸ ಖೋಲಿಯ ತಂಪಿಗೆ ಬಂದು ಸೇರಿಕೊಂಡರು. ಅಧ್ಯಕ್ಷರು ಮಧ್ಯಾಹ್ನ ಊಟ ಮುಗಿಸಿ ಬಂದು, ಕೊನೆಯ ಬೆಂಚುಗಳನ್ನು ಸರಿಸಿ ಚಾಪೆ ಹಾಸುತ್ತಿದ್ದರು. "ನಿದ್ದಿ ಅಲ್ಲವಾ, ಪರೀಕ್ಷಾ ಮಾಡಾಕತ್ತೀನಿ." ಮಳೆ ಬಂತು. ಸಿಂಧನೂರಿನಲ್ಲಿ ಮೋಡ ಕಂಡರೆ ನಾನು ಕೆಲಸ ಬಿಟ್ಟು ಬಸ್ ಹತ್ತುತ್ತಿದ್ದೆ. ಖೋಲಿಯ ನಡುವೆ ನಿಂತು ಮೇಲೆ ನೋಡುತ್ತಿದ್ದೆ. ಹನಿ ಬೀಳಲಿಲ್ಲ. ಬೀಳದಿದ್ದರೂ ಸಮಾಧಾನವಿರಲಿಲ್ಲ. ಯಾವುದೋ ಮೂಲೆಯನ್ನು ನೋಡಲು ಮರೆತಿದ್ದೇನೆ ಅನಿಸಿ ಅರ್ಧ ದಾರಿಯಿಂದ ತಿರುಗಿ ಬಂದದ್ದೂ ಉಂಟು.

ಮಾಳಿಗೆಯ ಮುಂದೆ ನೀರು ಸೋತಿತು. ಆದರೆ ಎರಡನೆಯ ಬೇಸಿಗೆಯಲ್ಲಿ ಬೆಂಚುಗಳ ಮೇಲೆ ಹಳದಿ ಪುಡಿ ಉದುರತೊಡಗಿತು. ಒರೆಸಿದರೆ ಮರುದಿನ ಮತ್ತೆ. ಏಣಿ ಹಾಕಿ ತೊಲೆಯನ್ನು ಬೆರಳಿನಿಂದ ಕುಟ್ಟಿದೆ. ಒಳಗೆ ಪೊಳ್ಳು ಸದ್ದು. ಹುಳ ಹತ್ತಿತ್ತು. ಬೇವು ಅದೇ, ಮರ ಕಡಿದ ತಿಂಗಳೂ ಅದೇ, ಕೂಡಿಸಿದ ಗೌಂಡಿಯೂ ಊರಿನ ಮನೆಗಳನ್ನು ಕಟ್ಟಿದವನೇ. ಅಜ್ಜಂದಿರ ಕಾಲದ ತೊಲೆಗಳು ನಿಂತಿವೆ, ನಿನ್ನೆಯದು ಪುಡಿಯಾಗುತ್ತಿದೆ. ಗೌಂಡಿ, ಅಧ್ಯಕ್ಷರು, ನಾನು ಮೂವರೂ ಕತ್ತೆತ್ತಿ ನಿಂತೆವು.

"ನಮ್ಮ ಮನ್ಯಾಗಿನ ತೊಲಿ ಕರ್ರಗ, ಕಬ್ಬಿಣದಂಗ ಅದಾವು" ಎಂದರು ಅಧ್ಯಕ್ಷರು.

"ನಮ್ಮ ಮನ್ಯಾಗೂ ಕರ್ರಗ ರೀ" ಎಂದ ಗೌಂಡಿ.

ನಮ್ಮ ಮನೆಯಲ್ಲೂ. ಆ ಕಪ್ಪು ಒಲೆಯ ಹೊಗೆಯದು. ದಿನಕ್ಕೆರಡು ಹೊತ್ತು ಹೊಗೆ ಕುಡಿದ ಮರವನ್ನು ಹುಳ ಮುಟ್ಟುವುದಿಲ್ಲ. ನಮ್ಮಲ್ಲಿ ಯಾರೂ ಒಲೆಯಿಲ್ಲದ ಮಾಳಿಗೆಯ ಕೆಳಗೆ ಬೆಳೆದಿರಲಿಲ್ಲ, ಹಾಗಾಗಿ ಅಂಥದೊಂದು ಇರಬಹುದು ಎಂದೇ ಹೊಳೆದಿರಲಿಲ್ಲ. ಒಲೆ ಅಡುಗೆಯದು, ಮಾಳಿಗೆ ಮನೆಯದು ಎಂದು ಎಣಿಸಿದ್ದೆವು.

ಪರಿಹಾರ ಆ ಕ್ಷಣದಲ್ಲೇ ಸಿಕ್ಕಿತು, ಸಿಕ್ಕ ರಭಸಕ್ಕೆ ನನಗೆ ಕುಣಿಯುವಷ್ಟು ಖುಷಿಯಾಯಿತು. ಪ್ರತಿ ರವಿವಾರ ಜವಾನ ಖೋಲಿಯ ನಡುವೆ ಸಗಣಿಯ ಕುಳ್ಳು, ಹಸಿ ಬೇವಿನ ಸೊಪ್ಪು ಒಟ್ಟಿ, ಬೆಂಕಿ ಕೊಟ್ಟು ಬಾಗಿಲು ಹಾಕುವುದು. ಕೆಲವು ವಾರಗಳಲ್ಲಿ ಪುಡಿ ಕಡಿಮೆಯಾಯಿತು.

ಒಂದು ಸೋಮವಾರ ಹೋದಾಗ ಒಬ್ಬ ಹುಡುಗಿ ಹೊರಗೆ ಕಟ್ಟೆಯ ಮೇಲೆ ಕೂತು, ಕಿಟಕಿಯಿಂದ ಪಾಠ ಕೇಳಿಸಿಕೊಂಡು ಬರೆಯುತ್ತಿದ್ದಳು. ಮನೆಯವರೆಲ್ಲ ಕೂಲಿಗೆ ಹೋಗುವವರು, ಬೆಳಗಿನ ರೊಟ್ಟಿ ಬಡಿದಿಟ್ಟು ಹಳ್ಳಿಯಿಂದ ಬಸ್ಸಿಗೆ ಬರುತ್ತಾಳೆ ಎಂದು ಕೇಳಿದ್ದೆ.

"ಒಳಗ್ಯಾಕ ಕುಂತಿಲ್ಲ?"

"ವಾಸನಿ ರೀ."

"ಬೇವಿಂದು. ಮೈಗೆ ಒಳ್ಳೇದು."

"ನಿಮಗ ಒಳ್ಳೇದು ರೀ ಅಕ್ಕಾರ. ನೀವು ನೋಡಿ ಬಸ್ ಹತ್ತಿ ಹೋಗ್ತೀರಿ. ನಾ ಒಲಿ ಮುಂದಿಂದ ಎದ್ದು, ತಲಿ ತೊಳಕೊಂಡು, ಬ್ಯಾರೆ ಅರಿವಿ ಹಾಕ್ಕೊಂಡು ಬಂದಿರ್ತೀನಿ. ಇಲ್ಲಿ ಮತ್ತ ಅದ ಹೊಗಿ ವಾಸನಿ. ಮಸ್ಕಿ ಹುಡುಗ್ಯಾರು, ಯಾಕಬೇ, ಬರೂವಾಗ ಒಲಿನೂ ಹೊತ್ಕೊಂಡು ಬಂದಿಯೇನು, ಅಂತಾರ."

ಇಷ್ಟು ಉದ್ದಕ್ಕೆ ಅವಳು ಮಾತಾಡಿರಲಿಕ್ಕಿಲ್ಲ. 'ವಾಸನಿ ರೀ' ಎಂದು ತಲೆ ತಗ್ಗಿಸಿದ್ದಷ್ಟೇ ಇರಬಹುದು, ಉಳಿದದ್ದನ್ನು ವರ್ಷಗಳಿಂದ ನಾನೇ ಅವಳ ಬಾಯಿಗೆ ಹಾಕುತ್ತ ಬಂದಿರಬಹುದು. ಆದರೆ ಒಲೆ ಹೊತ್ತುಕೊಂಡು ಬಂದ ಮಾತು ನನ್ನದಲ್ಲ. ಅದು ನನಗೆ ಹೊಳೆಯುವಂಥದ್ದಲ್ಲ.

ಎರಡನೆಯ ಮಳೆಗಾಲವೂ ದಾಟಿತು. ಸಭೆ ಸೇರಿತು. ನನ್ನ ದುರದೃಷ್ಟ, ಅಧ್ಯಕ್ಷರು ಅಷ್ಟರಲ್ಲಿ ಮಾಳಿಗೆಯ ಭಕ್ತರಾಗಿದ್ದರು.

"ಗೆದ್ದಿ ನೋಡವಾ. ಎಲ್ಲಾ ಖೋಲಿ ಹಿಂಗ ಕಟ್ಟೂಣು. ವಾರಕ್ಕೊಮ್ಮಿ ಹೊಗಿ ಹಾಕಿದ್ರಾತು, ಅದೇನು ದೊಡ್ಡದು?"

ಎಲ್ಲರೂ ತಲೆಯಾಡಿಸಿದರು. ಎಮ್ಮೆಯ ಮಾತು ತೆಗೆದವರೂ. ಹೂಂ ಅಂದಿದ್ದರೆ ಮುಗಿದಿತ್ತು.

"ಬ್ಯಾಡ್ರೀ" ಎಂದೆ.

"ಏನು ಬ್ಯಾಡ?"

"ಹೊಗಿ. ಹೊಗಿ ಇಲ್ದ ತೊಲಿ ನಿಲ್ಲಂಗಿಲ್ಲ. ತೊಲಿ ಬದಲಿ ಮ್ಯಾಲೆ ಕಲ್ಲಿನ ಚಪ್ಪಡಿ, ಫರಸಿ ಹಾಸಿ ನೋಡೂಣ್ರೀ. ಇನ್ನೊಂದ ಖೋಲಿ."

"ಫರಸಿಗೆ ನಡುವ ಕಂಬ ಬೇಕು. ಕಂಬದ ಹಿಂದ ಕುಂತ ಹುಡುಗ್ರಿಗೆ ಬೋರ್ಡ್ ಕಾಣ್ತೈತೇನು?" ಅಧ್ಯಕ್ಷರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಾ ಬ್ಯಾಡ ಅಂದಾಗ ಬೇಕಂದಿ. ಈಗ ಬೇಕಂದ್ರ ಬ್ಯಾಡ ಅಂತಿ. ಎಷ್ಟು ಮಳಿಗಾಲ ಕಾಯಬೇಕವಾ ನಿನ್ನ ಸಂಬಂಧ?"

ಹುಡುಗಿಯ ವಿಷಯ ನಾನು ಎತ್ತಲಿಲ್ಲ. ಎತ್ತಿದ್ದರೆ ಅವಳನ್ನು ಕರೆಸಿ ನಿಲ್ಲಿಸಿ ಕೇಳುತ್ತಿದ್ದರು.

ಸ್ಲ್ಯಾಬ್ ಎಂದು ತೀರ್ಮಾನವಾಯಿತು. ಗೋಡೆ ಗುಡ್ಡದ ಕಲ್ಲಿನದೇ ಇರಲಿ ಎಂದು ಕೇಳಿಕೊಂಡೆ. ಇರಲಿ ಅಂದರು. ಮರುದಿನ ಸಿಂಧನೂರಿನ ಕಚೇರಿಯಲ್ಲಿ ಹೊಸ ಹಾಳೆ ಹಾಸಿದೆ. ಕೂತು, ಎದ್ದು, ಕಿಟಕಿಯ ಹತ್ತಿರ ಹೋಗಿ, ಮತ್ತೆ ಬಂದು ಕೂತು ಬರೆದೆ. ಕಬ್ಬಿಣದ ಸಾಲು ಬರೆದೆ. ಇಷ್ಟು ದಪ್ಪದ ಸ್ಲ್ಯಾಬ್ ಇಷ್ಟು ಬಿಸಿಲು ಕುಡಿದರೆ ಕೆಳಗೆ ಕೂತವರಿಗೆ ಏನು ಗತಿ ಎಂದು ಲೆಕ್ಕ ಹಾಕಿದೆ. ಲೆಕ್ಕಕ್ಕೆ ಒಂದೇ ಉತ್ತರವಿತ್ತು. ಒಂದು ಖೋಲಿಯ ನಡುವೆ, ಮಾಳಿಗೆಯ ನಕಾಶೆಯಲ್ಲಿ ಇಲ್ಲದಿದ್ದ ಫ್ಯಾನಿನ ಕೊಕ್ಕೆಗೆಂದು ಸಣ್ಣದೊಂದು ಸೊನ್ನೆ ಬರೆದೆ. ಆಮೇಲೆ ಪಕ್ಕದ ಖೋಲಿಗೆ. ಅದರ ಪಕ್ಕದ್ದಕ್ಕೆ.