ಕ್ಯಾನ್ಸಲ್ ಎಂದರೆ ಯಾವ ಕ್ಯಾನ್ಸಲ್?

ವೇರ್‌ಹೌಸಿನ ಡೆನೀಸ್‌ಳನ್ನು ಕೆಲಸದಿಂದ ತೆಗೆದ ಸುದ್ದಿಯನ್ನು ನನಗೆ ಹೇಳಿದವನು ಗಿರೀಶ. ಅದೂ ಕಾಫಿ ಕಪ್ ಹಿಡಿದುಕೊಂಡು, ನಿರಾಳವಾಗಿ.

"ಅಕ್ಕಾ, ಬೋಲಿಂಗ್‌ಬ್ರೂಕ್ ಇಶ್ಯೂ ಕ್ಲೋಸ್ ಆಯ್ತು. ಯೂಸರ್ ಎರರ್. ತಪ್ಪು ಆಯಮ್ಮಂದೇ ಅಂತ ಕಳಿಸಿಬಿಟ್ರು."

ಗಿರೀಶ ನನ್ನ ಮ್ಯಾನೇಜರ್. ಮೈಸೂರಿನವನು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ನಾನು ಧಾರವಾಡದವಳು. ಇಲ್ಲಿ ಪರದೇಶದಲ್ಲಿ, ಡೆಸ್ ಪ್ಲೇನ್ಸ್ ಊರಿನ ಆಫೀಸಿನಲ್ಲಿ ನಾವಿಬ್ಬರೇ ಕನ್ನಡದವರು. ಹಬ್ಬಕ್ಕೆ ಅವರ ಮನೆಗೆ ನಾವು, ನಮ್ಮ ಮನೆಗೆ ಅವರು… ಹಾಗಿದ್ದೆವು.

ನನ್ನದು ಮೇನ್‌ಫ್ರೇಮ್, ಅಂದರೆ ಹಳೇಕಾಲದ ದೊಡ್ಡ ಕಂಪ್ಯೂಟರಿನ ಕೆಲಸ. ಬೋಲಿಂಗ್‌ಬ್ರೂಕ್‌ನಲ್ಲಿರುವ ನಮ್ಮ ಕಂಪನಿಯ ವೇರ್‌ಹೌಸ್‌ನಲ್ಲಿ ಇವತ್ತಿಗೂ ಕಪ್ಪು ಸ್ಕ್ರೀನು, ಹಸಿರು ಅಕ್ಷರ. ಮೌಸ್ ಇಲ್ಲ. ಸ್ಕ್ರೀನಿನ ಒಂದು ಸಾಲಿನಲ್ಲಿ ಪದ ಟೈಪ್ ಮಾಡಿ ಎಂಟರ್ ಒತ್ತಬೇಕು.

ಯಾವ ಪದಕ್ಕೆ ಯಾವ ಕೆಲಸ ಆಗಬೇಕು ಎನ್ನುವುದನ್ನು ಬರೆಯುವವಳು ನಾನು. ವೆಬ್ ಪೇಜಿನ ಹಾಗೆ ಅದಕ್ಕೂ ಟ್ಯಾಗ್‌ಗಳಿವೆ. ಒಂದು ಟ್ಯಾಗಿನಲ್ಲಿ ಕಮಾಂಡಿನ ಹೆಸರು, ಅದರ ಒಳಗಿನ ಇನ್ನೊಂದರಲ್ಲಿ ಅದು ಮಾಡಬೇಕಾದ ಕೆಲಸ. ಎರಡೇ ಎರಡು ಸಾಲು.

ಅಲ್ಲಿನ ಎಲ್ಲ ಸ್ಕ್ರೀನುಗಳಲ್ಲೂ ಮೊದಲಿನಿಂದ ಕ್ಯಾನ್ಸಲ್ ಎಂದರೆ 'ಏನೂ ಸೇವ್ ಮಾಡದೆ ಹೊರಗೆ ಬಾ' ಎಂದಷ್ಟೇ ಅರ್ಥ. ಆರ್ಡರನ್ನೇ ರದ್ದು ಮಾಡುವುದಕ್ಕೆ ನಾನು 'ವಾಯ್ಡ್' ಎಂಬ ಬೇರೆ ಪದ ಇಟ್ಟಿದ್ದೆ. ಅದನ್ನು ಟೈಪ್ ಮಾಡಿದರೂ ಸಿಸ್ಟಮ್ 'ಖಂಡಿತವಾ?' ಎಂದು ಇನ್ನೊಮ್ಮೆ ಕೇಳುತ್ತಿತ್ತು.

ಆರ್ಡರುಗಳಿಗೆ ಹೊಸ ಸ್ಕ್ರೀನ್ ಮಾಡುವಾಗ ಗಿರೀಶನಿಗೆ ಅದು ಹಳೇಕಾಲದ್ದು ಅನಿಸಿತು. ಆರ್ಡರ್ ರದ್ದು ಮಾಡಲು ಕ್ಯಾನ್ಸಲ್ ಎಂದೇ ಇರಲಿ, ಮತ್ತೆ ಕೇಳುವುದೂ ಬೇಡ ಎಂದ.

"ಗಿರೀಶ, ಆ ಶಬ್ದಕ್ಕ ಆಗಲೇ ಒಂದು ಅರ್ಥ ಅದ. ಮಂದಿ ಹೊರಗ ಬರ್ಲಿಕ್ಕೆ ಅದನ್ನ ಹೊಡೀತಾರ. ಆರ್ಡರ್ ಹೋಗಿಬಿಡ್ತದ."

"ಟ್ರೇನಿಂಗ್ ಕೊಟ್ರಾಯ್ತು ಬಿಡಿ ಅಕ್ಕಾ."

"ನಾ ಅಂತೂ ಇದನ್ನ ಬರಿಯಂಗಿಲ್ಲ ನೋಡು."

ನಾನು ಬರೆಯಲಿಲ್ಲ. ಅವನು ಬೆಂಗಳೂರಿನ ಟೀಮಿನಿಂದ ಬರೆಸಿದ. ಟ್ರೇನಿಂಗ್ ಯಾರೂ ಕೊಡಲಿಲ್ಲ.

ಡೆನೀಸ್ ಆ ವೇರ್‌ಹೌಸಿನಲ್ಲಿ ಲಾರಿಗಳನ್ನು ಕಳಿಸುವ ಡೆಸ್ಕಿನಲ್ಲಿದ್ದಳು. ನಾನು ಅಲ್ಲಿಗೆ ಹೋದಾಗಲೆಲ್ಲ ತನ್ನ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿಕೊಳ್ಳುತ್ತಿದ್ದಳು. ಗಂಡನಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಮನೆಯವರ ಹೆಲ್ತ್ ಇನ್ಶೂರೆನ್ಸ್ ಆಕೆಯ ಕೆಲಸದಿಂದಲೇ; ಕೆಲಸ ಹೋದರೆ ಅದೂ ಹೋದಂತೆ.

ಹೊಸ ಸ್ಕ್ರೀನ್ ಬಂದ ಮೇಲೆ ಒಂದು ದಿನ ಆಕೆ ಒಂದು ಆರ್ಡರ್ ತೆರೆದಿಟ್ಟಿದ್ದಾಳೆ. ಯಾರೋ ಫೋನ್ ಮಾಡಿ ಬೇರೆ ಆರ್ಡರ್ ಬಗ್ಗೆ ಕೇಳುತ್ತಾರೆ. ಈ ಸ್ಕ್ರೀನಿನಿಂದ ಹೊರಗೆ ಬರಲು ಕ್ಯಾನ್ಸಲ್ ಎಂದು ಟೈಪ್ ಮಾಡುತ್ತಾಳೆ, ಇಷ್ಟು ವರ್ಷ ಮಾಡಿದ ಹಾಗೆಯೇ…

ಡೆಟ್ರಾಯ್ಟ್ ಕಡೆಯ ಒಂದು ಕಾರ್ ಪ್ಲ್ಯಾಂಟಿಗೆ ಹೋಗಬೇಕಾಗಿದ್ದ ಲೋಡ್ ರದ್ದಾಯಿತು. ಲಾರಿಯವನು ಬೇರೆ ಲೋಡ್ ಎತ್ತಿಕೊಂಡು ಹೊರಟುಹೋದ. ಅಲ್ಲಿ ಪಾರ್ಟ್ಸ್ ಬರದೆ ಕಾರು ಜೋಡಿಸುವ ಲೈನೇ ನಿಂತಿತು.

ಮಾರನೆಯ ದಿನ ಎಲ್ಲರೂ ಒಂದು ಕಾಲ್‌ನಲ್ಲಿ. ಡೆನೀಸ್ ಒಂದನ್ನೇ ಹೇಳುತ್ತಿದ್ದಾಳೆ: ನಾನು ಏನನ್ನೂ ರದ್ದು ಮಾಡಲಿಲ್ಲ, ಬರೀ ಹೊರಗೆ ಬಂದೆ.

ಆ ಮಾತಿನ ಅರ್ಥ ಆ ಕಾಲ್‌ನಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ನನಗೆ ಮತ್ತು ಗಿರೀಶನಿಗೆ.

ಅವನು ಬಾಯಿ ಬಿಡಲಿಲ್ಲ. ನಾನು ಅನ್‌ಮ್ಯೂಟ್ ಮಾಡಿ ಎಲ್ಲವನ್ನೂ ಹೇಳಿದೆ. ಪದ ಅದೇ, ಅದರ ಅರ್ಥವನ್ನು ನಾವು ಬದಲಾಯಿಸಿದ್ದೇವೆ, ಈಕೆಗೆ ತಿಳಿಸಿಲ್ಲ ಎಂದೆ. ಆಮೇಲೆ ಗಿರೀಶ, "ಲೆಟ್ಸ್ ಟೇಕ್ ದಿಸ್ ಆಫ್‌ಲೈನ್" ಎಂದ. ಅಂದರೆ ಎಲ್ಲರೆದುರು ಬೇಡ, ಆಮೇಲೆ ಬೇರೆಯಾಗಿ ಮಾತಾಡೋಣ ಎಂದು.

ಅದಾದ ಮೇಲೆಯೇ ಆ ಕಾಫಿ ಕಪ್ ಮತ್ತು ಯೂಸರ್ ಎರರ್.

ನಾನು ಗಿರೀಶನ ಮೇಲಿನ ಡೈರೆಕ್ಟರ್ ಹತ್ತಿರ ಹೋದೆ. ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಫೀಡ್‌ಬ್ಯಾಕ್ ಎಂದರು.

ಮುಂದಿನ ವಾರ ಕ್ಯಾನ್ಸಲ್ ತನ್ನ ಹಳೇ ಅರ್ಥಕ್ಕೆ ಮರಳಿತು. ವಾಯ್ಡ್ ವಾಪಸ್ ಬಂತು, 'ಖಂಡಿತವಾ?' ಕೂಡ. ಟೀಮ್ ಮೀಟಿಂಗಿನಲ್ಲಿ ಇಷ್ಟು ಬೇಗ ಸರಿಪಡಿಸಿದ್ದಕ್ಕೆ ಗಿರೀಶನಿಗೆ ಚಪ್ಪಾಳೆಯ ಎಮೋಜಿಗಳು ಬಿದ್ದವು.

ತಪ್ಪು ಕಮಾಂಡಿನದು ಎಂದಾದರೆ ಡೆನೀಸ್ ಯಾಕೆ ಮನೆಯಲ್ಲಿದ್ದಾಳೆ ಎಂದು ಕೇಳಿದೆ. ಅದು ಎಚ್‌ಆರ್ ವಿಷಯ ಎಂಬ ಉತ್ತರ ಬಂತು. ನನ್ನನ್ನು ಆ ಪ್ರಾಜೆಕ್ಟಿನಿಂದ ತೆಗೆದು, ಯಾರೂ ಓದದ ಹಳೇ ರಿಪೋರ್ಟುಗಳ ಡಾಕ್ಯುಮೆಂಟೇಶನ್‌ಗೆ ಹಾಕಿದರು.

ಎಲ್ಲರೂ ಒಂದೊಂದು ಅಡುಗೆ ತರುವ ಕನ್ನಡ ಸಂಘದ ಯುಗಾದಿ ಪಾಟ್‌ಲಕ್‌ನಲ್ಲಿ ಗಿರೀಶನ ಹೆಂಡತಿ ನನ್ನನ್ನು ಕಂಡು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದಳು. ಅವನು ಮಾತ್ರ ಹತ್ತಿರ ಬಂದ.

"ಯಾರೋ ಒಬ್ಬಳಿಗೋಸ್ಕರ ಎಲ್ರ ಮುಂದೆ ನನ್ನ ಬಿಟ್ಕೊಟ್ರಲ್ಲ ಅಕ್ಕಾ. ನನ್ನ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಕೆಲಸ ಹೋದರೆ ಗ್ರೀನ್ ಕಾರ್ಡೂ ಕೈತಪ್ಪೀತು ಎಂಬ ಅವನ ಭಯವೂ ಸುಳ್ಳಲ್ಲ.

"ಆಕಿ ಗಂಡಗ ಡಯಾಲಿಸಿಸ್ ನಡದದ ಅಂತ ನಿನಗ ಗೊತ್ತಿತ್ತೇನು?" ಎಂದೆ.

ಅವನು ಆಚೆ ಈಚೆ ನೋಡಿದ. "ಒಬ್ಬಟ್ಟು ತಗೊಂಡ್ರಾ?" ಎಂದ.

ಡೆನೀಸ್‌ಗೆ ಎಷ್ಟೋ ಸಲ ಫೋನ್ ಮಾಡಿದೆ. ಕೊನೆಗೊಮ್ಮೆ ಎತ್ತಿದಳು. ನಾನು ಕಾಲ್‌ನಲ್ಲಿ ಆಕೆಯ ಪರವಾಗಿ ಮಾತಾಡಿದ್ದು ನೆನಪಿದೆ ಎಂದಳು, ಥ್ಯಾಂಕ್ಸ್ ಹೇಳಿದಳು. ಈಗ ಒಂದು ಗ್ರೋಸರಿ ಅಂಗಡಿಯಲ್ಲಿ ಪಾರ್ಟ್‌ಟೈಮ್. ಇನ್ಶೂರೆನ್ಸ್ ಬಗ್ಗೆ ಕೇಳುವ ಧೈರ್ಯ ನನಗೆ ಬರಲಿಲ್ಲ.

"ನೀವೆಲ್ಲ ಅದನ್ನು ಸರಿ ಮಾಡಿದಿರಂತೆ," ಎಂದಳು. "ಒಳ್ಳೆಯದಾಯಿತು."

ನೀವೆಲ್ಲ… ಆಕೆಯ ಪಾಲಿಗೆ ನಾನೂ ಗಿರೀಶನೂ ಒಂದೇ ಕಡೆಯವರು.

ನಾನು ಮೊದಲೇ ಹೇಳಿದ್ದೆ ಎನ್ನುವುದು ಅವಳ ಯಾವ ಉಪಯೋಗಕ್ಕೆ ಬಂತು, ನೀವೇ ಹೇಳಿ?